ಮರಿ ದೊಡ್ಡಿಯ ಕರಿ ನೊಣಗಳು

ನಮ್ಮ ದೋರನಹಳ್ಳಿಯಲ್ಲಿ ಯಾರಿಗಾದರೂ ಸಿಟ್ಟು ನೆತ್ತಿಗೇರಿದರೆ ಮೊದಲು ಬಾಯಿಗೆ ಬರುವ ಬೈಗುಳ "ಹುಳಾ ಬಿದ್ದು ಸಾಯ್ತಿ ನೋಡು" ಎಂಬುದು. ಕುರಿ ಸಾಕುವವರ ಮನೆಗಳಲ್ಲಿ ಈ ಮಾತಿಗೆ ತೂಕ ಇನ್ನೂ ಹೆಚ್ಚು. ಕುರಿಯ ಗಾಯದಲ್ಲಿ ಹುಳ ಬಿತ್ತೆಂದರೆ ಕುರಿಗಾರ ಮೈಮರೆತಿದ್ದಾನೆ ಎಂದೇ ಲೆಕ್ಕ. ಕುರಿಗಿಂತ ಮೊದಲು ಅವನ ಮರ್ಯಾದೆ ಹೋಗುತ್ತದೆ. ನಮ್ಮಪ್ಪ ಹುಲಗಪ್ಪ ಐವತ್ತು ವರ್ಷದಲ್ಲಿ ಒಂದೇ ಒಂದು ಕುರಿಯನ್ನೂ ಹುಳಕ್ಕೆ ಬಿಟ್ಟುಕೊಟ್ಟವನಲ್ಲ. ಅಂಥವನ ಮಗಳಾದ ನಾನು, ಜ್ಯೋತಿ, ಅವನದೇ ಮರಿ ದೊಡ್ಡಿಯಲ್ಲಿ ಕೂತು ಹುಳ ಸಾಕುತ್ತೇನೆ. ಮಂದಿ ನಗುತ್ತಾರೆ. ನಗಲಿ, ನನಗೇನು.

ಈ ಹುಚ್ಚು ನನಗೆ ಹತ್ತಿದ್ದು ಗುರುಮಠಕಲ್ ಆಚೆ, ತೆಲಂಗಾಣದ ಅಂಚಿನ ಒಂದು ಮೀನಿನ ಫಾರ್ಮಿನಲ್ಲಿ. ಬಿ.ಎಸ್‌ಸಿ. ಮುಗಿಸಿ ಅಲ್ಲಿ ಎರಡು ವರ್ಷ ದುಡಿದೆ. ಸಾಕುತ್ತಿದ್ದುದು ಕೊರಮೀನು. ಹಾವಿನಂಥ ತಲೆ, ಕರಿ ಬೆನ್ನು, ಹೊಟ್ಟೆಬಾಕತನದಲ್ಲಿ ನಮ್ಮ ಸೋದರಮಾವನಿಗೆ ಸರಿಜೋಡಿ. ಸೊಪ್ಪುಸದೆಯನ್ನು ಮೂಸಿಯೂ ನೋಡುವುದಿಲ್ಲ. ಅದಕ್ಕೆ ಚೀಲದಲ್ಲಿ ಬರುವ ಗುಳಿಗೆಯಂಥ ಫೀಡು ಹಾಕುತ್ತಿದ್ದೆವು. ಒಂದು ದಿನ ಚೀಲ ಬಿಚ್ಚಿ, ಮೂಸಿ, ಇದರಲ್ಲಿ ಏನಿದೆ ಎಂದು ಅಲ್ಲಿನ ಮೇಸ್ತ್ರಿಯನ್ನು ಕೇಳಿದೆ.

"ಮೀನ ಐತಿ," ಅಂದ.

ಕಡಲಿನ ಸಣ್ಣ ಮೀನು ಹಿಡಿದು, ಒಣಗಿಸಿ, ಪುಡಿ ಮಾಡಿ, ಲಾರಿಯಲ್ಲಿ ತಂದು ನಮ್ಮ ಮೀನಿಗೆ ಹಾಕುವುದಂತೆ. ನನಗೆ ತಲೆ ಕೆಟ್ಟಿತು. ನಾನು ಕಡಲು ಕಂಡಿಲ್ಲ, ನಮ್ಮ ಓಣಿಯಲ್ಲಿ ಯಾರೂ ಕಂಡಿಲ್ಲ, ತೊಟ್ಟಿಯ ಮೀನು ಮಾತ್ರ ದಿನಾ ಎರಡು ಹೊತ್ತು ಕಡಲು ಉಣ್ಣುತ್ತದೆ! ಒಂದು ಮೀನು ಬೆಳೆಸಲು ಅದಕ್ಕಿಂತ ಹೆಚ್ಚು ಮೀನು ಅರೆಯಬೇಕೆಂದರೆ ಇದೆಂಥ ಸಾಕಣೆ? ಕಡಲು ಬರಿದಾದ ಮೇಲೆ ಏನು ಹಾಕುತ್ತೀರಿ ಎಂದು ಕೇಳಿದೆ. "ನೀ ಬಾಳ ಕೇಳ್ತಿ ಬಿಡವ್ವ" ಅಂದ ಮೇಸ್ತ್ರಿ. ಹೌದು, ನಾನು ಬಹಳ ಕೇಳುತ್ತೇನೆ. ಉತ್ತರ ಸಿಗದಿದ್ದರೆ ನನಗೆ ಊಟ ಸೇರುವುದಿಲ್ಲ.

ಹುಡುಕುತ್ತಾ ಹೋದಾಗ ಸಿಕ್ಕಿದ್ದು ಈ ಕರಿ ನೊಣ. ಪುಸ್ತಕದಲ್ಲಿ ಅದಕ್ಕೆ ಸೈನಿಕನ ಹೆಸರು ಕೊಟ್ಟಿದ್ದಾರೆ, ನಾವು ಕರಿ ನೊಣ ಎಂದೇ ಕರೆಯುತ್ತೇವೆ. ಇದು ಮನೆ ನೊಣದ ಹಾಗೆ ಅನ್ನದ ಮೇಲೆ ಕೂರುವ ಪೈಕಿ ಅಲ್ಲ. ರೆಕ್ಕೆ ಬಂದ ಮೇಲೆ ಏನೂ ತಿನ್ನದೆ ಕೆಲವು ದಿನ ಹಾರಾಡಿ, ಮೊಟ್ಟೆಯಿಟ್ಟು ಸಾಯುತ್ತದೆ. ತಿನ್ನುವುದೆಲ್ಲ ಮರಿಹುಳವಾಗಿದ್ದಾಗ. ತೊಗರಿ ಹೊಟ್ಟು, ಕೊಳೆತ ಬದನೆಕಾಯಿ, ಹಳಸಿದ ಅನ್ನ, ಏನು ಹಾಕಿದರೂ ತಿಂದು ಎರಡು ವಾರದಲ್ಲಿ ಕೊಬ್ಬುತ್ತದೆ. ಆ ಹುಳವನ್ನು ಒಣಗಿಸಿ ಪುಡಿ ಮಾಡಿದರೆ ಮೀನಿನ ಪುಡಿಯಲ್ಲಿರುವ ಸತ್ವ ಹೆಚ್ಚುಕಡಿಮೆ ಇದರಲ್ಲೂ ಇರುತ್ತದೆ. ನಮ್ಮ ಸೀಮೆಯಲ್ಲಿ ಕಡಲಿಲ್ಲ, ತೊಗರಿ ಹೊಟ್ಟಿಗೇನು ಬರ? ಕೆಲಸ ಬಿಟ್ಟು ಊರಿಗೆ ಬಂದೆ.

ಜೊತೆಗೆ ಸಿಕ್ಕವಳು ಸಂಘಮಿತ್ರಾ, ನನ್ನ ಕಾಲೇಜಿನ ಗೆಳತಿ. ಶಹಾಪುರದವಳು, ನಮ್ಮೂರ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಶಾಲೆ ಬಿಟ್ಟ ಮೇಲೆ ಸ್ಕೂಟಿ ನೇರ ನಮ್ಮನೆಗೆ ತಿರುಗಿಸುತ್ತಾಳೆ. ನಾನು ಬೆಂಕಿಯಾದರೆ ಅವಳು ತಣ್ಣೀರು. ಎಲ್ಲದಕ್ಕೂ ಒಂದು ನೋಟುಬುಕ್ಕು. ನಾನು ಸತ್ತರೂ ಎಷ್ಟು ಗಂಟೆಗೆ, ಯಾವ ಮಗ್ಗುಲಿಗೆ ಬಿದ್ದಳು ಎಂದು ಬರೆದಿಟ್ಟೇ ಆಮೇಲೆ ಅಳುತ್ತಾಳೆ.

ಹುಳ ಸಾಕಲು ಜಾಗ ಬೇಕಿತ್ತು. ಊರಲ್ಲಿ ಮೂರು ಕಡೆ ಕೇಳಿದೆ, ಮೂರು ಕಡೆಯೂ ಬಾಗಿಲು ಮುಖಕ್ಕೇ ಬಡಿಯಿತು. ಉಳಿದದ್ದು ಅಪ್ಪನ ಮರಿ ದೊಡ್ಡಿ. ಮನೆಯ ಹಿಂದೆ, ಕಲ್ಲಿನ ಗೋಡೆ, ತಗಡಿನ ಸೂರು. ಚಳಿಗಾಲದಲ್ಲಿ ಹುಟ್ಟಿದ ಕುರಿಮರಿಗಳನ್ನು ಅದರಲ್ಲೇ ಬೆಚ್ಚಗೆ ಕೂಡುವುದು. ಅಪ್ಪ ಒಂದು ವಾರ ಉಗುಳು ನುಂಗಿ, ಕೊನೆಗೆ ಎಳ್ಳು ಅಮಾವಾಸ್ಯೆಯ ಕರಾರು ಹಾಕಿದ.

"ಎಳ್ಳಮಾಸಿ ತನಕ ಇಟ್ಕೋ. ಅಷ್ಟೊತ್ತಿಗೆ ಕುರಿ ಈಯಾಕ ಶುರು ಮಾಡ್ತಾವ. ಎರಡು ತೊಟ್ಟಿ ಮಾಡು. ಒಂದಕ್ಕ ಚೀಲದ್ದು ಹಾಕು, ಒಂದಕ್ಕ ನಿನ್ನ ಹುಳಾ ಹಾಕು. ಎಳ್ಳಮಾಸಿ ದಿನ ಎರಡೂ ಕಡಿಂದ ಇಪ್ಪತ್ತಿಪ್ಪತ್ತು ಮೀನ ತೂಗೂನು. ನಿಂದು ಒಂದು ತೊಲಿ ಕಮ್ಮಿ ಇದ್ರೂ ದೊಡ್ಡಿ ನಂದು, ಹುಳದ ಮಾತು ಈ ಮನ್ಯಾಗ ಮತ್ತ ಎತ್ತಬಾರ್ದು."

"ಆಯ್ತು ನಡಿ," ಅಂದೆ. ನನ್ನ ಬಾಯಿ ಯಾವಾಗಲೂ ನನಗಿಂತ ಎರಡು ಹೆಜ್ಜೆ ಮುಂದೆ. ದೊಡ್ಡಿ ಹೋದರೆ ನನಗೆ ಬೇರೆ ಜಾಗವಿಲ್ಲ, ನೊಣದ ಸಂತತಿಯೇ ಕೈತಪ್ಪುತ್ತದೆ, ಇಷ್ಟು ದಿನದ ಹುಡುಕಾಟ ಮಣ್ಣುಪಾಲು. ಇದೆಲ್ಲ ಹೊಳೆದದ್ದು ಒಪ್ಪಿಕೊಂಡ ಮೇಲೆ.

ದಸರೆಗೆ ಎರಡು ಸಿಮೆಂಟಿನ ತೊಟ್ಟಿಗಳಿಗೆ ಒಂದೇ ಅಳತೆಯ ಇನ್ನೂರಿನ್ನೂರು ಕೊರಮೀನಿನ ಮರಿ ಬಿಟ್ಟೆವು. ಮೇಲೆ ಹಸಿರು ಬಲೆ ಕಟ್ಟಿದೆವು, ಇಲ್ಲದಿದ್ದರೆ ಹಾರಿ ಹೊರಬೀಳುತ್ತವೆ. ಮೊದಲನೆಯದಕ್ಕೆ ಚೀಲದ ಫೀಡು. ಎರಡನೆಯದಕ್ಕೆ ಹುಳದ ಪುಡಿ, ಶೇಂಗಾ ಹಿಂಡಿ, ತೊಗರಿ ನುಚ್ಚು ಕಲಸಿ, ಉಗಿಯಲ್ಲಿ ಬೇಯಿಸಿ, ಚಕ್ಕುಲಿ ಒರಳಲ್ಲಿ ಒತ್ತಿ ಒಣಗಿಸಿದ್ದು. ಮಧ್ಯಾಹ್ನಕ್ಕೆ ಒಂದಿಷ್ಟು ಜೀವಂತ ಹುಳ. ಚಕ್ಕುಲಿ ಒರಳು ನಮ್ಮವ್ವ ರೇಣಮ್ಮನದು. ಅದು ಯಾವುದಕ್ಕೆ ಬಳಕೆಯಾಗುತ್ತಿದೆ ಎಂದು ತಿಳಿದ ದಿನ ಅವಳು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ತನ್ನ ತವರಿನವರನ್ನೆಲ್ಲ ಹೆಸರು ಹಿಡಿದು ಕರೆದು ಅತ್ತಳು.

ಎರಡು ತಿಂಗಳು ಎಲ್ಲ ನೆಟ್ಟಗೆ ನಡೆಯಿತು. ಎಳ್ಳಮಾಸಿಗೆ ಹದಿನಾರು ದಿನ ಇರುವಾಗ ತಗಡಿನ ಅಂಚು ತಾಗಿ ನನ್ನ ಬಲಗೈ ಅಂಗೈ ಉದ್ದಕ್ಕೆ ಸೀಳಿತು. ಮೂರನೆಯ ದಿನ ಬೆಳಿಗ್ಗೆ ನೋಡಿದರೆ, ಹುಳ ಸಾಕುವ ಆರು ಟ್ರೇಗಳಲ್ಲಿ ನಾಲ್ಕರ ಹುಳ ಸತ್ತು ಬಿದ್ದಿದ್ದವು.

ಸತ್ತದ್ದೆಂದರೆ ಎಂಥದು! ಮೊಟ್ಟೆಯೊಡೆದು ವಾರವಾಗಿದ್ದ ಎಳೆ ಹುಳ, ಹಿಂದಿನ ದಿನ ಹೊಟ್ಟನ್ನು ಕುದಿಯುವ ಅಂಬಲಿಯ ಹಾಗೆ ಕದಲಿಸುತ್ತಿದ್ದವು. ಈಗ ಅಕ್ಕಿ ನುಚ್ಚು ಚೆಲ್ಲಿದಂತೆ ಅಲುಗದೆ ಬಿದ್ದಿವೆ. ಕೊನೆಯ ಎರಡು ಟ್ರೇಗಳಲ್ಲಿ ಮಾತ್ರ ಜೀವವಿದೆ. ಬರೀ ಅಷ್ಟರಿಂದ ಇನ್ನೂರು ಮೀನಿನ ಹೊಟ್ಟೆ ಎಷ್ಟು ದಿನ ತುಂಬೀತು? ಎರಡು ದಿನ, ಹೆಚ್ಚೆಂದರೆ ಮೂರು.

ನಾನು ಯೋಚಿಸಲಿಲ್ಲ. ಹೊಟ್ಟಿನಲ್ಲಿ ವಿಷವಿದೆ ಎಂದು ಮನಸ್ಸಿಗೆ ಬಂತು, ಬಂದದ್ದೇ ಸತ್ಯವಾಯಿತು. ಬಸ್ಸು ಹತ್ತಿ ಶಹಾಪುರದ ಬೇಳೆ ಮಿಲ್ಲಿಗೆ ಹೋಗಿ, ಅಲ್ಲಿ ಹೊಟ್ಟು ತೂಗಿ ಕೊಡುವ ನಬಿಸಾಬನ ಮುಂದೆ ನಿಂತು, ಹಮಾಲರೆಲ್ಲ ಚೀಲ ಇಳಿಸಿ ನೋಡುವಂತೆ ಬೈದೆ. ನುಸಿಗೆ ಹಾಕುವ ಮಾತ್ರೆ ಹೊಟ್ಟಿಗೆ ಬೆರೆಸಿದ್ದೀರಿ, ನನ್ನ ಬದುಕು ಹಾಳು ಮಾಡಿದಿರಿ, ನಿಮಗೆ ಹುಳಾ ಬೀಳಲಿ ಎಂದೂ ಅಂದೆ. ಅಂದ ಮೇಲೆ ನನಗೇ ನಾಚಿಕೆಯಾಯಿತು, ಬೇರೆ ಬೈಗುಳ ಸಿಗಲಿಲ್ಲವೇ ನನಗೆ!

ನಬಿಸಾಬ ಅರವತ್ತು ದಾಟಿದ ಮನುಷ್ಯ. ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡ. "ಏ ಬೇಟಿ, ದಿಮಾಗ ಠೀಕ್ ಐತಿಲ್ಲೊ? ಇದೇ ಹೊಟ್ಟು ನಮ್ಮ ಆಡು ತಿಂತಾವ, ಅರ್ಧಾ ಶಹಾಪುರದ ಎಮ್ಮಿ ತಿಂತಾವ. ಎಷ್ಟು ಸತ್ತಾವ ನಿನ್ನ ಹುಳ?"

"ಆರು ಟ್ರೇದಾಗ ನಾಕು."

"ಆರಕ್ಕೂ ಒಂದೇ ಚೀಲದ ಹೊಟ್ಟು ಹಾಕಿಯೇನು?"

"ಹೂಂ."

"ಹಂಗಾದ್ರ ಆ ಎರಡು ಯಾಕ ಸತ್ತಿಲ್ಲ?"

ಹಮಾಲರು ನಕ್ಕರು. ಅವನು ನಗಲಿಲ್ಲ, "ಮನಿಗಿ ಹೋಗಿ ತಣ್ಣಗ ಕುಂತು ವಿಚಾರ ಮಾಡು" ಅಂದ. ಬಿ.ಎಸ್‌ಸಿ. ಓದಿದವಳು ನಾನು, ಸರಿಯಾದ ಪ್ರಶ್ನೆ ಕೇಳಿದವನು ಅವನು. ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡು ದೋರನಹಳ್ಳಿ ಬರುವವರೆಗೂ ನನ್ನನ್ನೇ ನಾನು ಬೈದುಕೊಂಡೆ.

ಬೈದುಕೊಂಡರೂ ಬುದ್ಧಿ ಬರಲಿಲ್ಲ. ಮನೆಗೆ ಬಂದಾಗ ಅಪ್ಪ ದೊಡ್ಡಿಯ ಗೋಡೆಗೆ ಒರಗಿ ಕೋಲು ಕೆತ್ತುತ್ತಿದ್ದ. ದೊಡ್ಡಿ ಯಾರಿಗೆ ಬೇಕು? ಹುಳ ಸತ್ತರೆ ಯಾರಿಗೆ ಲಾಭ? ನನ್ನ ತಲೆ ಸರ್ರನೆ ಆ ಕಡೆ ಓಡಿತು.

"ನೀನ ಏನರ ಹಾಕಿಯೇನಪಾ? ನೇರ ಕೇಳಿದ್ರ ದೊಡ್ಡಿ ಬಿಟ್ಟುಕೊಡ್ತಿದ್ದೆ. ಕದ್ದು ಯಾಕ ಕೊಂದಿ?"

ಅಪ್ಪ ನನ್ನನ್ನು ನೋಡಿದ. ಕೋಲು ಎತ್ತಿಕೊಂಡು, ಕಟ್ಟಿದ ರೊಟ್ಟಿಯನ್ನೂ ತೆಗೆದುಕೊಳ್ಳದೆ ಕುರಿಗಳ ಹಿಂದೆ ಹೊರಟುಹೋದ. ಒಳಗಿಂದ ಅವ್ವ ಬಂದು, "ಆಂವ ಇವತ್ತಿನ ತನಕ ಆ ದೊಡ್ಡಿ ಹೊಸ್ತಿಲಾ ದಾಟಿಲ್ಲ. ಯಾಕ ಗೊತ್ತೇನ? ಹುಳಾ ಕಂಡ್ರ ಕೈ ತಡಿಯಂಗಿಲ್ಲ, ಕೊಂದುಬಿಡ್ತೀನಿ ಅಂತ ಹೆದರಿ ದೂರ ಕುಂಡರ್ತಾನ. ಅಂಥವಂಗ ಏನಂದಿ ನೀನು!" ಎಂದು ಕೂಗಿದಳು. ಆದರೂ ಹುಳ ಸತ್ತದ್ದು ಸತ್ತದ್ದೇ. ಯಾರೋ ಕೊಂದಿರಲೇಬೇಕು.

ಸಂಜೆ ಸಂಘಮಿತ್ರಾ ಬಂದಳು. ನನ್ನ ಪುರಾಣವನ್ನೆಲ್ಲ ನಿಂತೇ ಕೇಳಿದಳು.

"ಬಯ್ಯೂದು ಆಮ್ಯಾಲ ಬೈಯವಂತಿ. ಆ ನಾಕು ಟ್ರೇಕ ಏನೇನು ಮುಟ್ಟೇತಿ, ಈ ಎರಡಕ್ಕ ಏನು ಮುಟ್ಟಿಲ್ಲ, ಅದನ್ನಷ್ಟ ಹೇಳು."

ಹೊಟ್ಟು, ನೀರು, ಮರದ ಸೌಟು. ಎಲ್ಲ ಒಂದೇ. ನಾಲ್ಕು ಟ್ರೇ ನಾನು ನೋಡಿಕೊಳ್ಳುತ್ತಿದ್ದೆ. ಎರಡು ಅವಳವು, ಶಾಲೆಯ ಮಕ್ಕಳಿಗೆ ತೋರಿಸಲು ಬೇರೆ ಇಟ್ಟು ತಾನೇ ಸಂಜೆ ಬಂದು ಕೈಯಾಡಿಸುತ್ತಿದ್ದಳು. ಅವಳು ಅವ್ವನ ಅಡುಗೆಮನೆಯಿಂದ ನಾಲ್ಕು ತಾಟು ತಂದಳು. ಅವ್ವ ಇನ್ನೊಮ್ಮೆ ತವರನ್ನು ಕರೆದಳು. ಪ್ರತಿ ತಾಟಿಗೂ ಬದುಕಿದ್ದ ಹುಳ ಇಪ್ಪತ್ತಿಪ್ಪತ್ತು. ಒಂದಕ್ಕೆ ಬೋರಿನ ನೀರು ಚಿಮುಕಿಸಿದಳು. ಒಂದಕ್ಕೆ ಹೊಸದಾಗಿ ಹೊಟ್ಟು ಹಾಕಿದಳು. ಒಂದರಲ್ಲಿ ಸೌಟು ಆಡಿಸಿದಳು. ನಾವಿಬ್ಬರೂ ಮಂಡಿಯೂರಿ ನೋಡುತ್ತಾ ಕೂತೆವು. ಅರ್ಧ ಗಂಟೆಯಾದರೂ ಹುಳ ಆರಾಮಾಗಿ ಹೊಟ್ಟಿನೊಳಗೆ ಮುಖ ಹುಗಿದು ತಿನ್ನುತ್ತಿದ್ದವು.

"ನಾಕನೇದಕ್ಕ ಏನು?" ಕೇಳಿದೆ.

"ನಿನ್ನ ಕೈ ಉಳದೈತಿ. ಇಡು."

ನಗುತ್ತಲೇ ಬಲಗೈ ಇಟ್ಟೆ. ಮೊದಲು ಏನೂ ಇಲ್ಲ. ಆಮೇಲೆ ಹೊಟ್ಟು ಕದಲಿತು. ಒಂದು ಹುಳ ಹೊರಬಂತು, ಮತ್ತೊಂದು, ಆಮೇಲೆ ಎಲ್ಲವೂ. ಬೆಳಕು ಕಂಡರೆ ಅಡಗುವ ಹುಳಗಳು ಬೆಳಕಿಗೆ ಎದ್ದು, ನನ್ನ ಕೈಗೆ ಬೆನ್ನು ಮಾಡಿ, ತಾಟಿನ ಆಚೆಯ ಅಂಚಿಗೆ ಒಂದರ ಮೇಲೊಂದು ಹತ್ತಿ ಓಡತೊಡಗಿದವು. ಇಷ್ಟು ದಿನ ಸಾಕಿದ್ದೇನೆ, ನನ್ನನ್ನು ಕಂಡು ಓಡುತ್ತವೆ! ಎಡಗೈ ಇಟ್ಟು ನೋಡಿದೆ. ಹತ್ತಿರ ಬಂದು ಬೆರಳ ಸಂದಿಯಲ್ಲಿ ನುಸುಳಿದವು.

ಸಂಘಮಿತ್ರಾ ನನ್ನ ಬಲಗೈ ಹಿಡಿದು, ಗಾಯಕ್ಕೆ ಕಟ್ಟಿದ ಬಟ್ಟೆಯನ್ನು ಮೂಸಿದಳು. ಬಟ್ಟೆಯಿಂದ ಹಸಿರು ರಸ ಇಳಿಯುತ್ತಿತ್ತು.

"ಇದೇನು ಕಟ್ಟೀದಿ?"

"ಅಪ್ಪ ಕಟ್ಯಾನ. ಸೀತಾಫಲದ ತಪ್ಪಲ."

ಹೇಳಿದವಳೇ ಬಾಯಿ ತೆರೆದುಕೊಂಡು ಕೂತೆ. ಕುರಿಯ ಗಾಯದಲ್ಲಿ ಹುಳ ಬಿದ್ದರೆ ನಮ್ಮಲ್ಲಿ ಮೊದಲು ಹುಡುಕುವುದು ಸೀತಾಫಲದ ಎಲೆ. ಅರೆದು ಕಟ್ಟಿದರೆ ಹುಳ ಸಾಯುತ್ತದೆ. ಕೈ ಸೀಳಿದ ದಿನ ಅಪ್ಪ ನನ್ನೆದುರು ಕೂತು, "ಗಾಯ ಇಟ್ಕೊಂಡು ಹುಳದಾಗ ಕೈ ಆಡಸ್ತಿ. ಅದರಾಗ ಹುಳ ಬಿದ್ರ ನಾ ಏನು ಮಾಡ್ಲಿ?" ಎಂದು ಗೊಣಗುತ್ತಾ ದಿನಕ್ಕೆರಡು ಬಾರಿ ಅರೆದು ಕಟ್ಟುತ್ತಿದ್ದ. ಹುಟ್ಟಿದಾಗಿನಿಂದ ಮೂಸಿದ ವಾಸನೆ, ನನಗೆ ಅದು ವಾಸನೆಯೇ ಅಲ್ಲ. ಆ ಕೈಯನ್ನೇ ಹೊತ್ತು ಹೊತ್ತಿಗೆ ನಾಲ್ಕು ಟ್ರೇಗಳಲ್ಲಿ ಆಡಿಸಿದ್ದೆ. ಕೊಂದವಳು ನಾನು.

ನಕ್ಕು ನಕ್ಕು ಸಾಕಾಯಿತು, ಆಮೇಲೆ ಅಳು ಬಂತು. ಅಪ್ಪನಿಗೆ ಹೇಳುವುದು ಹೇಗೆ? ಹೇಳದಿದ್ದರೆ ಕದ್ದು ಕೊಂದವನೆಂಬ ಮಾತು ಅವನ ಮೇಲೆ ಉಳಿಯುತ್ತದೆ. ಹೇಳಿದರೆ, ನೀನು ಅಕ್ಕರೆಯಿಂದ ಕಟ್ಟಿದ ಔಷಧವೇ ನನ್ನ ಕೆಲಸ ಕೆಡಿಸಿತು ಎಂದಂತಾಗುತ್ತದೆ. ಸಂಘಮಿತ್ರಾ ನೋಟುಬುಕ್ಕು ಮುಚ್ಚಿ, "ಖರೇ ಏನೈತಿ ಅದನ್ನ ಹೇಳು" ಅಂದಳು. ಅವಳಿಗೇನು, ಅವಳ ಅಪ್ಪನಲ್ಲವಲ್ಲ.

ಕುರಿಗಳು ಬಂದ ಹೊತ್ತಿಗೆ ಹಟ್ಟಿಯ ಬಾಯಲ್ಲಿ ನಿಂತು ಎಲ್ಲ ಹೇಳಿದೆ. ತಾಟು, ಕೈ, ಓಡಿದ ಹುಳ. ತಪ್ಪಾತು ಅಪ್ಪಾ, ನಿನ್ನ ಮ್ಯಾಲ ಇಲ್ಲದ್ದು ಹೊರಿಸಿದೆ ಎಂದೆ. ಅಪ್ಪ ಕೊನೆಯ ಕುರಿಯನ್ನು ಒಳಗೆ ಹಾಕಿ, ಹಟ್ಟಿಯ ಬಾಯಿ ಮುಚ್ಚಿ ತಿರುಗಿದ.

"ಎಷ್ಟು ಸತ್ತಾವ?"

"ಏನಿಲ್ಲಂದ್ರೂ ಎಂಟು ಸಾವಿರ."

"ಎಂಟು ಸಾವಿರ!" ಅಪ್ಪನ ಕಣ್ಣು ಅಗಲವಾದವು. "ಬರೇ ಕೈ ಆಡಿಸಿದ್ದಕ್ಕ?"

"ಹೂಂ."

"ಅರೆರೆರೆ!" ಅಪ್ಪ ತೊಡೆ ತಟ್ಟಿಕೊಂಡು ನಗತೊಡಗಿದ. ನಾನು ಅವನು ನೊಂದುಕೊಳ್ಳುತ್ತಾನೆ ಎಂದು ಎದೆ ಹಿಡಿದು ನಿಂತಿದ್ದರೆ, ಆಸಾಮಿಗೆ ಹಿಗ್ಗೋ ಹಿಗ್ಗು. "ನಮ್ಮಪ್ಪ ಹೇಳಿಕೊಟ್ಟ ಔಷಧ ಅದು. ಒಳ್ಳೇದು ಅಂತ ಗೊತ್ತಿತ್ತು, ಇಷ್ಟು ಖಡಕ್ ಅಂತ ನನಗೂ ತಿಳದಿದ್ದಿಲ್ಲ ಬಿಡು!" ಪಕ್ಕದ ಮನೆಯ ತಿಮ್ಮಣ್ಣನನ್ನು ಕೂಗಿ ಕರೆದು ಹೇಳಿದ. ಕಿರಾಣಿ ಅಂಗಡಿಗೆ ಹೋಗಿ ಹೇಳಿದ. ಅಲ್ಲಿಗೆ ಹೋಗುವಷ್ಟರಲ್ಲಿ ಎಂಟು ಸಾವಿರ ಹದಿನೈದು ಸಾವಿರವಾಗಿತ್ತು.

ಆಮೇಲೆ ಸತ್ತದ್ದನ್ನು ಕಣ್ಣಾರೆ ನೋಡಬೇಕೆಂದು ಮೊದಲ ಸಲ ದೊಡ್ಡಿಯೊಳಗೆ ಬಂದ. ನೋಡಿ ತೃಪ್ತಿಪಟ್ಟು, ಹಾಗೇ ಬದುಕಿದ್ದ ಟ್ರೇಯ ಕಡೆ ಬಗ್ಗಿದ. ಬೆಳೆದ ಹುಳವೊಂದನ್ನು ಎರಡು ಬೆರಳಲ್ಲಿ ಎತ್ತಿ ಬಲ್ಬಿನ ಬೆಳಕಿಗೆ ಹಿಡಿದ. ಹೊಸಕಿಬಿಡುತ್ತಾನೆ ಅಂದುಕೊಂಡೆ.

"ಇದು ಕುರಿಗೆ ಬೀಳೋ ಹುಳ ಅಲ್ಲ," ಅಂದ. "ಅದು ಬೆಳ್ಳಗ, ಮೆತ್ತಗ, ಮಾಂಸದಾಗ ತಲಿ ಕೆಳಗ ಮಾಡಿ ಕೊರಿತೈತಿ. ಇದರ ತೊಗಲು ನೋಡು, ಗಟ್ಟಿ. ಮೈ ಚಪ್ಪಟಿ. ಇದು ತಿಪ್ಪ್ಯಾಗ ಇರ್ತೈತಿ. ಇದು ಇದ್ದ ತಿಪ್ಪ್ಯಾಗ ಮನಿ ನೊಣ ಕಮ್ಮಿ. ನೋಡೀನಿ ನಾ. ಮೊದಲ ತೋರಸಾಕ ಏನಾಗಿತ್ತು ನಿನಗ?"

ಸಂಘಮಿತ್ರಾ ಸರಸರ ಬರೆದುಕೊಂಡಳು. ಅವಳ ಪುಸ್ತಕಗಳಲ್ಲೂ ಅದೇ ಮಾತಿತ್ತಂತೆ. "ಕಾಕಾ, ಯಾವ ತಿಪ್ಪ್ಯಾಗ ನೋಡೀರಿ?" ಎಂದಳು. ಮರುದಿನ ಹೊತ್ತೇರುವಷ್ಟರಲ್ಲಿ ಅಪ್ಪ, ಕೊಳೆತ ಈರುಳ್ಳಿ ಸುರಿದಿದ್ದ ಯಾವುದೋ ಹೊಲದ ಬದುವಿನಿಂದ ತನ್ನ ರುಮಾಲು ಬಿಚ್ಚಿ, ಅದರ ತುಂಬ ಹುಳ ಗಂಟುಕಟ್ಟಿಕೊಂಡು ತಂದ. ಅವ್ವ ಆ ರುಮಾಲನ್ನು ಇನ್ನೆಂದೂ ಒಗೆಯುವುದಿಲ್ಲವೆಂದು ದೇವರ ಮೇಲೆ ಆಣೆಯಿಟ್ಟಳು. ಅವನು ದಿನಾ ತಂದ. ಮೀನು ಒಂದು ಹೊತ್ತೂ ಉಪವಾಸ ಬೀಳಲಿಲ್ಲ.

"ಅಂದ್ರ ದೊಡ್ಡಿ ನನಗ ಬಿಟ್ಟಂಗಾತಿಲ್ಲೊ?" ಎಂದು ಮೆಲ್ಲಗೆ ಕೇಳಿ ನೋಡಿದೆ.

"ಯಾರಂದ್ರು? ಮಾತು ಮಾತ. ಎಳ್ಳಮಾಸಿಗೆ ತೂಗೂನು," ಅಂದ. ಮೊಂಡುತನ ನನಗೆಲ್ಲಿಂದ ಬಂತೆಂದು ಕೇಳುವವರು ಅವನನ್ನು ನೋಡಬೇಕು.

ತೂಗಲು ತಕ್ಕಡಿ ಬೇಕಿತ್ತು, ಇಬ್ಬರ ಕಡೆಗೂ ವಾಲದ ಮನುಷ್ಯ ಬೇಕಿತ್ತು. ಮಿಲ್ಲಿಗೆ ಹೋಗಿ ನಬಿಸಾಬನ ಮುಂದೆ ನಿಂತೆ. ತಪ್ಪಾತು ಕಾಕಾ ಎಂದು ಸಣ್ಣಗೆ ಹೇಳಿದೆ.

"ಕೇಳಸಲಿಲ್ಲ ಬೇಟಿ. ಅವತ್ತು ಆ ಗೋಡಿಗೆ ಕುಂತ ಪಾರಿವಾಳ ಹಾರಿ ಹೋಗಿದ್ವು. ಅಷ್ಟ ಜೋರಾಗಿ ಹೇಳು."

ಹಮಾಲರೆಲ್ಲ ಚೀಲ ಇಳಿಸಿ ನಿಂತರು. ಕಿರುಚಿ ಹೇಳಿದೆ. ಅವನು ನಕ್ಕು, ಎಳ್ಳಮಾಸಿಯ ದಿನ ತಕ್ಕಡಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ತಾನೇ ಬಂದ.

ಊರಿನವರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವ ದಿನ ಅದು. ನಮ್ಮ ಮನೆಯ ಬುತ್ತಿ ಕಟ್ಟೆಯ ಮೇಲೆ ಕೂತಿತ್ತು, ಯಾರಿಗೂ ಉಣ್ಣುವ ವ್ಯವಧಾನವಿಲ್ಲ. ಅದೇ ಬೆಳಿಗ್ಗೆ ಮೊದಲ ಕುರಿ ಈದಿತ್ತು, ಅವಳಿ ಮರಿ. ಅಪ್ಪ ಅವೆರಡನ್ನೂ ಕಂಬಳಿಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡೇ ತೊಟ್ಟಿಯ ಹತ್ತಿರ ಕೂತ.

ನಬಿಸಾಬ ಬಲೆ ಹಾಕಿ ಕೈಗೆ ಬಂದ ಇಪ್ಪತ್ತು ಮೀನು ಎತ್ತಿದ. ಚೀಲದ ತೊಟ್ಟಿಯದು ಎರಡು ಕಿಲೋ ಏಳುನೂರು. ನನ್ನದು ಎರಡು ಕಿಲೋ ನಾನೂರು.

ಇನ್ನೊಮ್ಮೆ ತೂಗಿದರು. ಅದೇ. ಒಂದು ತೊಲೆಯಲ್ಲ, ಮುನ್ನೂರು ಗ್ರಾಂ ಕಮ್ಮಿ. ಅಪ್ಪನ ಮಡಿಲಲ್ಲಿ ಮರಿಗಳು ನಡುಗುತ್ತಿದ್ದವು, ಅವಕ್ಕೆ ಇವತ್ತೇ ದೊಡ್ಡಿ ಬೇಕು. ನಾನು ಎದ್ದು ಟ್ರೇಗಳನ್ನು ಹೊರಗಿಡಲು ನಡೆದೆ. ಕೊಟ್ಟ ಮಾತು.

"ಎಲ್ಲಿ ಹೊಂಟಿ? ಎಣಸೂದು ಆಗಿಲ್ಲ," ಅಂದ ಅಪ್ಪ.

"ಏನು ಎಣಸೂದು?"

"ತಲಿ. ಸಂಜಿಕ ಕುರಿ ಹಟ್ಟಿಗೆ ಬಂದ್ರ ಮೊದಲ ತಲಿ ಎಣಸ್ತೀವಿ. ಯಾವುದು ದಪ್ಪ ಐತಿ, ಯಾವುದು ಸಣ್ಣ ಐತಿ ಆಮ್ಯಾಲಿನ ಮಾತು. ಇನ್ನೂರು ಬಿಟ್ಟೀವಿ ಅಂದ್ರೆಲ್ಲ, ಇನ್ನೂರು ಅದಾವೇನು?"

ನಾನೂ ಸಂಘಮಿತ್ರಾಳೂ ಮುಖ ಮುಖ ನೋಡಿಕೊಂಡೆವು. ಅವಳ ನೋಟುಬುಕ್ಕಿನಲ್ಲಿ ನೀರಿನ ಬಿಸಿ ಇತ್ತು, ಫೀಡಿನ ತೂಕ ಇತ್ತು, ತೇಲಿದ ಸತ್ತ ಮೀನಿನ ಲೆಕ್ಕವೂ ಇತ್ತು: ಚೀಲದ ತೊಟ್ಟಿಯಲ್ಲಿ ಐದು, ನಮ್ಮದರಲ್ಲಿ ಮೂರು. ಕರಿ ನೀರಿನ ತಳದಲ್ಲಿ ಉಳಿದವು ಇವೆಯೇ ಎಂದು ಇಬ್ಬರಲ್ಲಿ ಒಬ್ಬರೂ ನೋಡಿರಲಿಲ್ಲ.

ತೊಟ್ಟಿಯ ನೀರು ಮೊಣಕಾಲಿಗೆ ಇಳಿಸಿದೆವು. ಅಪ್ಪ ಮರಿಗಳನ್ನು ಅವ್ವನ ಕೈಗೆ ಕೊಟ್ಟು ನೀರಿಗಿಳಿದ. ಕುರಿ ಹಟ್ಟಿಗೆ ನುಗ್ಗುವಾಗ ಎಣಿಸುವ ಹಾಗೆಯೇ ಜೋಡಿ ಜೋಡಿ ಎಣಿಸುತ್ತಾ ಬಕೀಟಿಗೆ ಹಾಕಿಸಿದ. ನನ್ನ ತೊಟ್ಟಿಯಲ್ಲಿ ನೂರ ಎಂಬತ್ಮೂರು. ಚೀಲದ ತೊಟ್ಟಿಯಲ್ಲಿ ನೂರ ಮೂವತ್ತೊಂಬತ್ತು.

"ಅರವತ್ತೊಂದು ಇಲ್ಲ," ಅಂದ ಅಪ್ಪ. "ಐದು ತೇಲಿದ್ವು. ಉಳದವು ಎಲ್ಲಿ?"

ನಬಿಸಾಬ ಬಕೀಟಿನೊಳಗೆ ಕೈ ಹಾಕಿ ಒಂದು ದಪ್ಪ ಮೀನು ಎತ್ತಿದ. ಅದರ ಬಾಯಿಂದ ಇನ್ನೊಂದು ಮೀನಿನ ಬಾಲ ಹೊರಗೆ ಇಣುಕುತ್ತಿತ್ತು. "ತೋಬಾ ತೋಬಾ," ಅಂದ.

ಕೊರಮೀನು ಒಂದನ್ನೊಂದು ತಿನ್ನುತ್ತದೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡಿದ್ದೇನೆ. ತಿಂದದ್ದು ತೇಲುವುದಿಲ್ಲ ಎನ್ನುವುದು ಮಾತ್ರ ಹೊಳೆದಿರಲಿಲ್ಲ.

"ಒಡಹುಟ್ಟಿದವನ್ನ ನುಂಗಿ ದಪ್ಪ ಆಗ್ಯಾವ," ಅಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ. "ಇದಕ್ಕ ತೂಕ ಅಂತಾರೇನು? ನನ್ನ ಕುರಿ ಮಂದ್ಯಾಗ ಅರವತ್ತು ಮರಿ ಕಡಿಮಿ ಆಗಿ, ಉಳದ್ವು ದಪ್ಪ ಅದಾವ ನೋಡ್ರಿ ಅಂದ್ರ ಮಂದಿ ಕ್ಯಾಕರಿಸಿ ಉಗುಳ್ತಾರ."

ಸಂಘಮಿತ್ರಾ ಬಾಯಲ್ಲೇ ಲೆಕ್ಕ ಹಾಕಿದಳು. ಒಟ್ಟು ಮೀನು ತೂಗಿದರೆ ನಮ್ಮದೇ ಮೂರು ಕಿಲೋ ಹೆಚ್ಚು. ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಈ ಹುಡುಗಿ ಸುಮ್ಮನಿರಬೇಕೋ ಬೇಡವೋ! "ಆದ್ರ ಕಾಕಾ," ಅಂದಳು, "ಒಂದ ಸಲದ್ದು ನಂಬೂಹಂಗಿಲ್ಲ. ಜೀವಂತ ಹುಳ ಬೆನ್ನಟ್ಟೂದ್ರಾಗ ಮೈಮರತು ಒಂದನ್ನೊಂದು ಕಡಿಮಿ ತಿಂದುವೇನೊ, ಇಲ್ಲಾ ಬ್ಯಾರೆ ಕಾರಣ ಐತೇನೊ, ಗೊತ್ತಿಲ್ಲ. ನಮ್ಮ ತೊಟ್ಟ್ಯಾಗೂ ಹದಿನೇಳು ಇಲ್ಲ. ಮತ್ತೊಂದ ಸಲ ಮಾಡಿ ನೋಡಬೇಕು." ಅವಳನ್ನು ಎತ್ತಿ ತೊಟ್ಟಿಗೆ ಹಾಕಬೇಕೆನಿಸಿತು.

ಅಪ್ಪ ನೀರಲ್ಲೇ ನಿಂತು ಅವಳನ್ನು ನೋಡಿದ. ಅವನ ಮುಖದಲ್ಲಿ ಸೋಲು ಗೆಲುವು ಯಾವುದೂ ಇರಲಿಲ್ಲ. ಕಳೆದ ಕುರಿಯ ಹೆಜ್ಜೆ ಹುಡುಕುವಾಗ ಹಾಗೆ ಕಣ್ಣು ಕಿರಿದು ಮಾಡುತ್ತಾನೆ.

"ಮತ್ತೊಂದ ಸಲ ಅಂದ್ರ ಎಲ್ಲಿ ತನಕ?"

"ಉಗಾದಿ ತನಕ ಕಾಕಾ."

ಅಪ್ಪ ದೊಡ್ಡಿಯ ಕಡೆ ನೋಡಿದ. ಅವ್ವನ ಸೆರಗಿನಲ್ಲಿದ್ದ ಮರಿಗಳ ಕಡೆ ನೋಡಿದ. ಆಮೇಲೆ ನನ್ನ ಕಡೆ ನೋಡದೆ ಅವ್ವನಿಗೆ ಹೇಳಿದ, "ರೇಣಿ, ಮರಿ ಪಡಸಾಲ್ಯಾಗ ಕಟ್ಟು."

"ಪಡಸಾಲ್ಯಾಗ? ಮತ್ತ ನೀ ಎಲ್ಲಿ ಮಲಗಾಂವ?"

"ಮರಿ ಸಂಗಾಟ."

ಅವ್ವ ತವರನ್ನು ಕರೆಯಲು ಬಾಯಿ ತೆರೆದವಳು, ಅವನ ಮುಖ ನೋಡಿ ಮುಚ್ಚಿಕೊಂಡಳು. ಇಷ್ಟುದ್ದ ನಾಲಿಗೆಯ ನಾನು ಎಲ್ಲರ ಮುಂದೆ, ನಬಿಸಾಬನ ಮುಂದೆಯೂ, ಗಳಗಳನೆ ಅತ್ತುಬಿಟ್ಟೆ.

"ಏ ಹುಚ್ಚಿ, ಅಳೂದು ಆಮ್ಯಾಲ ಅಳವಂತಿ," ಅಪ್ಪ ಬಕೀಟು ನನ್ನ ಕಡೆ ತಳ್ಳಿ ಗದರಿದ. "ಮೀನ ಬಾಯಿ ಬಿಡಾಕತ್ತಾವ. ಮೊದಲ ಅವನ್ನ ನೀರಿಗೆ ಬಿಡು. ಜೋಡಿ ಜೋಡಿ ಬಿಡು, ನಾ ಎಣಸ್ತೀನಿ."